ಪುಣೆಯ ಅಪ್ಪ, ಬೆಳಗಾವಿಯ ಅರ್ಜಿ

‘ಗಂಡ ಇರುವುದು ಪುಣೆಯಲ್ಲಿ, ಜೀವನಾಂಶದ ಕೇಸನ್ನೂ ಅಲ್ಲಿಯೇ ಹಾಕಬೇಕು’ ಎಂದು ಹೇಳದವರಿರಲಿಲ್ಲ. ಆ ಮಾತು ನಂಬಿ ಎಂಟು ತಿಂಗಳು ಕೈಕಟ್ಟಿ ಕೂತೆ. ಮಗಳಿಗೆ ಆಗ ನಾಲ್ಕು ವರ್ಷ. 2021ರಲ್ಲಿ ಬೆಳಗಾವಿಯಲ್ಲಿ ಉಚಿತ ಕಾನೂನು ನೆರವು ಕೇಳಲು ಹೋದಾಗಲೇ ವಿಷಯ ತಿಳಿದದ್ದು: ಹೆಂಡತಿ ವಾಸವಾಗಿರುವ ಜಿಲ್ಲೆಯಲ್ಲಿಯೂ ಜೀವನಾಂಶದ ಅರ್ಜಿ ಹಾಕಬಹುದು. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಜೀವನಾಂಶದ ಕಾನೂನು ಆಗ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 125ನೇ ಕಲಂ; 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144.

ಅರ್ಜಿ ಬರೆಯುವುದು ಒಂದು ದಿನದ ಕೆಲಸ. ನೋಟಿಸ್ ಮುಟ್ಟಿಸುವುದರಲ್ಲಿ ಹೈರಾಣಾದೆ. ‘ಮನೆಗೆ ಬೀಗ’ ಎಂಬ ಷರಾ ಹೊತ್ತು ಲಕೋಟೆ ಎರಡು ಸಲ ತಿರುಗಿ ಬಂತು. ಹಳೆಯ ಸಂಬಳದ ಚೀಟಿಯೊಂದು ನನ್ನ ಟ್ರಂಕಿನಲ್ಲಿತ್ತು. ಅದರಲ್ಲಿದ್ದ ಕಾರ್ಖಾನೆಯ ವಿಳಾಸ ಕೊಟ್ಟ ಮೇಲೆ ಮುಟ್ಟಿತು.

ಕೋರ್ಟಿಗೆ ಬಂದವನು ‘ಕೆಲಸ ಬಿಟ್ಟಿದ್ದೇನೆ’ ಎಂದ. ಆದರೆ ಸುಪ್ರೀಂ ಕೋರ್ಟು 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ನಮ್ಮ ವಕೀಲೆ ಅವನ ಬ್ಯಾಂಕ್ ವಿವರವನ್ನು ಸಾಲಿನ ಕೆಳಗೆ ಸ್ಕೇಲು ಹಿಡಿದು ಓದಿದರು. ಕೆಲಸವಿಲ್ಲದವನ ಖಾತೆಯಿಂದ ಪ್ರತಿ ತಿಂಗಳೂ ಬೈಕಿನ ಕಂತು 7,200 ರೂಪಾಯಿ ಹೋಗುತ್ತಿತ್ತು. ಮಗಳಿಗೆ ಕೊಡುತ್ತೇನೆಂದದ್ದು 2,000! ವಾದದ ಅರ್ಧ ಭಾಗವನ್ನು ಆ ಬೈಕೇ ಮಾಡಿತು. ತಿಂಗಳಿಗೆ 8,000 ಎಂದು ಆದೇಶವಾಯಿತು, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ನಾನು ಎಡವಿದ್ದು ಆಮೇಲೆ. ಕೆಲವು ತಿಂಗಳು ಬಂದ ಹಣ ನಿಂತಿತು. ‘ಎಲ್ಲ ಒಟ್ಟಿಗೆ ಹಾಕುತ್ತೇನೆ’ ಎಂದು ಫೋನು ಬರುತ್ತಿತ್ತು. ಹದಿನಾಲ್ಕು ತಿಂಗಳು ನಂಬಿದೆ. ವಸೂಲಿಗೆ ವಾರಂಟ್ ಬೇಕಾದರೆ ಆಯಾ ತಿಂಗಳ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕಂತೆ. ಮೊದಲ ಎರಡು ತಿಂಗಳ 16,000 ಹೀಗೆ ಕೈತಪ್ಪಿತು. ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಅಷ್ಟು ದುಡ್ಡಿಗೆ ನಾನು ಎಷ್ಟು ರವಿಕೆ ಹೊಲಿಯಬೇಕು!

ಆದೇಶ ಎಲ್ಲಿಯದೇ ಆಗಿರಲಿ, ಅವನು ಇರುವ ಊರಿನ ನ್ಯಾಯಾಲಯ ಅದನ್ನು ಜಾರಿ ಮಾಡಬಹುದು. ಅದಕ್ಕೆ ಬೇಕಾದ ಆದೇಶದ ಪ್ರತಿ ನಮಗೆ ಪುಕ್ಕಟೆ. ಅದನ್ನು ಹಿಡಿದು ರಾತ್ರಿ ಬಸ್ಸಿಗೆ ಪುಣೆಗೆ ಹೋದೆ. ಆದೇಶ ಕನ್ನಡದಲ್ಲಿತ್ತು, ಅಲ್ಲಿ ಕನ್ನಡ ಓದುವವರು ಯಾರು? ವಾಪಸು ಬಂದು, ಇಂಗ್ಲಿಷ್ ಅನುವಾದ ಮಾಡಿಸಿ, ಮತ್ತೆ ಅದೇ ಬಸ್ಸು. ಹೊರಡುವ ಮೊದಲೇ ಇದು ಹೊಳೆಯಬೇಕಿತ್ತು.

ಬಾಕಿ ಕಟ್ಟದಿದ್ದರೆ ಜೈಲು, ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು ತಿಳಿದ ಮೇಲೆ ಅವನ ಅಣ್ಣ ಎರಡು ಕಂತಿನಲ್ಲಿ ಹಣ ತುಂಬಿದರು. ಈಗ ಪ್ರತಿ ತಿಂಗಳು ಐದನೇ ತಾರೀಖಿಗೆ ಖಾತೆ ನೋಡುತ್ತೇನೆ. ಹಣ ಬಂದಿರದಿದ್ದರೆ ಪುಣೆಗೆ ಫೋನು ಮಾಡುವುದಿಲ್ಲ, ವಕೀಲರಿಗೆ ಮಾಡುತ್ತೇನೆ.