ಮುರಕಲ್ಲಿನ ಕೋಟೆಗೆ ಎರಡಡಿ ಹಲಗೆ

28 ಮಿ.ಮೀ. ಎತ್ತರದ ಸೈನಿಕ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ನಾನು ಕಟ್ಟುವ ನೆಲವೆಲ್ಲ ಕೆಂಪು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಕೆಳದಿ ನಾಯಕರ ಬೇಕಲ ಕೋಟೆಯನ್ನು ನೋಡುತ್ತ ಬೆಳೆದ ಕಾಸರಗೋಡಿನವನಿಗೆ ಬೇರೆ ಬಣ್ಣದ ನೆಲ ಒಗ್ಗುವುದಿಲ್ಲ.

ಎರಡಡಿ ಚೌಕದ ಪ್ಲೈವುಡ್ ಹಲಗೆಗಳನ್ನು ಕೊಯ್ಯಿಸಿಕೊಳ್ಳಿ. ನಾಲ್ಕು ಸೇರಿದರೆ ನಾಲ್ಕಡಿಯ ಕಣ. ಮೊದಲು ಎರಡೂ ಬದಿಗೆ, ಅಂಚಿಗೂ ವಾರ್ನಿಷ್ ಬಳಿಯಿರಿ. ಒಂದೇ ಬದಿಗೆ ಬಳಿದಿದ್ದ ನನ್ನ ಮೊದಲ ಹಲಗೆ ಆಟಿ ತಿಂಗಳ ಮಳೆಗೆ ದೋಣಿಯಂತೆ ಬಾಗಿತು. ಮೂರು ವಾರಗಳ ಕೆಲಸ ಹೋದ ಆ ಬೇಸರ ಇನ್ನೂ ಆರಿಲ್ಲ.

ಗುಡ್ಡಕ್ಕೆ ಥರ್ಮೋಕೋಲ್ ಪದರಗಳನ್ನು ಫೆವಿಕಾಲ್ ಹಚ್ಚಿ ಅಂಟಿಸಿ, ರಾತ್ರಿಯಿಡೀ ಭಾರ ಹೇರಿ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಬಿಡಿ, ಇಲ್ಲದಿದ್ದರೆ ಗೊಂಬೆಗಳು ಜಾರುತ್ತವೆ. ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆಯಬೇಡಿ. ಅದರ ದ್ರಾವಕ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ.

ಗೋಡೆಯ ಕೆಲಸವೇ ನನಗೆ ಪ್ರಾಣ. ಗಟ್ಟಿ ಫೋಮಿನ ಮೇಲೆ ಬಾಲ್‌ಪೆನ್ನಿನಿಂದ ಆರು ಮಿ.ಮೀ. ಉದ್ದದ ಕಲ್ಲುಗಳನ್ನು ಗೀರಿ. ಮುದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆಯನ್ನು ಒತ್ತಿದರೆ ಮುರಕಲ್ಲಿನ ತೂತುಗಳು ಮೂಡುತ್ತವೆ. ಮೊದಲು ಗಾಢ ಕಂದು ಅಕ್ರಿಲಿಕ್ ಬಣ್ಣ. ಅದು ಒಣಗಿದ ಬಳಿಕ ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಇಟ್ಟಿಗೆಗೆಂಪನ್ನು ಉಬ್ಬಿದ ಕಡೆಗಳಿಗೆ ಮಾತ್ರ ಸವರಿ. ಬುಡಕ್ಕೆ ನೀರಾದ ಕಪ್ಪು-ಹಸಿರು: ನಮ್ಮ ಗೋಡೆಗಳಿಗೆ ಪಾಚಿ ಇರಲೇಬೇಕು.

ನೆಲಕ್ಕೆ ಅಂಗಳದ ಮಣ್ಣೇ ಸಾಕು. ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿ. ಹುಲ್ಲಿಗೆ ಹಸಿರು ಬಣ್ಣ ಕುಡಿಸಿದ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ, ಅಲ್ಲಲ್ಲಿ ಮಾತ್ರ ಅಂಟಿಸಿ.