ನೀರು ಹಾಕಿ ಹಿಡಿದ ‘ಕಿರುಕ್’

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಸೈಕಲ್‌ನಲ್ಲಿ ಶುರುವಾದ ಸದ್ದು ಇದು. ಬಲಗಾಲು ಪೆಡಲ್ ಒತ್ತಿದಾಗೆಲ್ಲ ಒಂದು ‘ಕಿರುಕ್’. ಸಮತಟ್ಟು ರಸ್ತೆಯಲ್ಲಿ ಇಲ್ಲ, ತುಳಿಯುವುದು ನಿಲ್ಲಿಸಿದರೂ ಇಲ್ಲ. ಮೂರ್ನಾಡಿಂದ ಹೊರಟು ಮೇಕೇರಿ ದಾಟಿ ಮಡಿಕೇರಿ ಏರು ಹತ್ತಿದ ಕೂಡಲೇ ಹಾಜರು. ನಾಲ್ಕು ತಿಂಗಳು ಇದನ್ನು ಕೇಳಿಕೊಂಡೇ ತುಳಿದಿದ್ದೇನೆ. ಅನುಭವಿಸಿದವರಿಗೆ ಗೊತ್ತು, ತಲೆ ಕೆಟ್ಟುಹೋಗುತ್ತದೆ.

ನನ್ನದು ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಸೀಟ್‌ಪೋಸ್ಟ್ (ಸೀಟು ಹೊರುವ ಕೊಳವೆ), ಥ್ರೆಡ್ ಇರುವ ಬಿಬಿ (ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ತೋಳುಗಳು ತಿರುಗುವ ಬೇರಿಂಗ್ ಜಾಗ), ಹಿಂದೆ ಕ್ವಿಕ್ ರಿಲೀಸ್ (ಕೈಯಲ್ಲೇ ಬಿಚ್ಚುವ) ಚಕ್ರ. ಮೈಸೂರಿನ ಒಂದು ಅಂಗಡಿಗೆ ಒಯ್ದೆ. ಸೈಕಲ್ ಮುಟ್ಟುವ ಮೊದಲೇ, “ಬಿಬಿ ಹೋಗಿದೆ ಸಾರ್” ಅಂದರು. ಹೊಸ ಬಿಬಿ, ಕೂಲಿ ಸೇರಿ ಎರಡೂವರೆ ಸಾವಿರದಷ್ಟು ಆಯಿತು. ಹೋಗಿ ಬರುವ ಪೆಟ್ರೋಲ್ ಬೇರೆ. ಮರುದಿನ ಅದೇ ಏರು, ಅದೇ ‘ಕಿರುಕ್’. ಆಮೇಲೆ ಪೆಡಲ್ ಬದಲಾಯಿಸಿದೆ, ಅದಕ್ಕೆ ನಾಲ್ಕು ಸಾವಿರ. ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ತುಂಡು), ಚೈನ್, ಅಳತೆಗೆ ಬಿಗಿಯುವ ಟಾರ್ಕ್ ರೆಂಚ್ ಎಲ್ಲ ಸೇರಿ ಹನ್ನೊಂದು ಸಾವಿರ ದಾಟಿರಬೇಕು. ಇನ್ನೊಬ್ಬರು “ಫ್ರೇಮ್ ಕ್ರ್ಯಾಕ್ ಆಗಿರಬಹುದು, ಬೇರೆ ನೋಡಿ” ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಾನೂ ಒಂದು ದೊಡ್ಡ ತಪ್ಪು ಮಾಡಿದೆ. ಸೀಟ್‌ಪೋಸ್ಟ್ ಮೇಲೆ ಅನುಮಾನ ಬಂದು ಅದಕ್ಕೆ ಗ್ರೀಸ್ ಹಚ್ಚಿದೆ. ಕಾರ್ಬನ್‌ಗೆ ಗ್ರೀಸ್ ಆಗಲ್ಲ, ಪೋಸ್ಟ್ ಜಾರಿ ಒಂದು ಸೆಂಟಿಮೀಟರ್ ಕೆಳಗಿಳಿಯಿತು. ಸದ್ದೂ ಪೂರ್ತಿ ಹೋಗಿರಲಿಲ್ಲ. ಗ್ರೀಸ್ ಒರೆಸಿ, ಒಣಗಿದ್ದನ್ನೇ ಹಾಗೇ ಹಾಕಿ, ‘ಸೀಟ್‌ಪೋಸ್ಟ್ ಅಲ್ಲ’ ಅಂತ ತೀರ್ಮಾನ ಮಾಡಿಬಿಟ್ಟೆ. ಅದರಿಂದಲೇ ಎರಡು ತಿಂಗಳು ದಂಡವಾಯಿತು.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೇರಿಂಗ್ ಕೆಟ್ಟಿದೆಯಾ ಅಂತ ನೋಡಲು ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗಿಟ್ಟು ಕೇಳ್ತೇವಲ್ಲ, ಹಾಗೇ ಸೈಕಲ್‌ಗೂ ಮಾಡಿದೆ. ಸೈಕಲನ್ನು ಗೋಡೆಗೆ ಒರಗಿಸಿ, ಮಗ ಬ್ರೇಕ್ ಹಿಡಿದು ಪೆಡಲ್ ಒತ್ತಿದ, ನಾನು ಕಿವಿ ಕೊಟ್ಟೆ. ಎಲ್ಲಿ ಇಟ್ಟರೂ ಸದ್ದು ಬಿಬಿಯಿಂದಲೇ ಬಂದಂತೆ ಕೇಳುತ್ತಿತ್ತು. ಅಲ್ಯೂಮಿನಿಯಂ ಕೊಳವೆ ಸದ್ದನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಅಂಗಡಿಯವರು ಬಿಬಿ ಅನ್ನುವುದೂ ಇದಕ್ಕೇ. ಇನ್ನೊಂದು ಸಲ ಫೋನನ್ನು ಹಳೇ ಟ್ಯೂಬಿನ ತುಂಡಿನಲ್ಲಿ ಚೈನ್‌ಸ್ಟೇಗೆ (ಬಿಬಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಕಟ್ಟಿ ರೆಕಾರ್ಡ್ ಮಾಡಿದೆ. ಬರೀ ಗಾಳಿ, ಚೈನ್.

ದಾರಿ ತೋರಿಸಿದ್ದು ಮಳೆ. ಕೊಯ್ಲಿನ ಮಧ್ಯೆ ಒಂದು ಸಂಜೆ ಅಕಾಲದಲ್ಲಿ ಸುರಿಯಿತು. ಕಣದಲ್ಲಿ ಹರಡಿದ್ದ ಕಾಫಿಗೆ ಟಾರ್ಪಾಲ್ ಹೊದೆಸುವ ಗಡಿಬಿಡಿಯಲ್ಲಿ ಸೈಕಲ್ ಅಂಗಳದಲ್ಲೇ ಉಳಿಯಿತು. ಬೆಳಿಗ್ಗೆ ಹತ್ತಿದರೆ ಸದ್ದೇ ಇಲ್ಲ! ಒಂದು ಗಂಟೆ ತುಳಿದು ಬಿಸಿಲೇರಿದ ಮೇಲೆ ಮತ್ತೆ ‘ಕಿರುಕ್’. ಆಗ ಹೊಳೆಯಿತು. ಒಣಗಿದ ಎರಡು ಭಾಗ ಎಲ್ಲೋ ಉಜ್ಜುತ್ತಿವೆ, ನೀರು ಇರುವಷ್ಟು ಹೊತ್ತು ಸುಮ್ಮನಿರುತ್ತವೆ. ಹಾಗಾದರೆ ಒಂದೊಂದೇ ಜಾಗಕ್ಕೆ ನೀರು ಬಿಟ್ಟು ನೋಡಬಹುದಲ್ವಾ?

ಮೆಡಿಕಲ್ ಶಾಪಿನಿಂದ 10 ಎಂಎಲ್ ಸಿರಿಂಜ್ ತಂದೆ. ಜೊತೆಗೆ ತುಳಿಯುವ ಹುಡುಗರು, “ನೀರು ಹಾಕಿ ಹುಡುಕ್ತೀರಾ ಅಣ್ಣ? ತುಕ್ಕು ಹಿಡಿಯುತ್ತೆ ಅಷ್ಟೇ” ಅಂದರು. ನಾನು ಬಿಡಲಿಲ್ಲ. ದಿನಕ್ಕೆ ಒಂದೇ ಜಾಗ, ಅದೇ ನಾನೂರು ಮೀಟರ್ ಏರು, ಅದೇ ಗೇರ್. ಒಮ್ಮೆ ಕೂತು, ಒಮ್ಮೆ ಎದ್ದು ನಿಂತು ತುಳಿಯುವುದು. ರಾತ್ರಿ ಒಣಗಲು ಬಿಡುವುದು. ಬೇರಿಂಗ್ ಒಳಕ್ಕೆ ನೀರು ತಳ್ಳಬಾರದು, ಜೋಡಣೆಯ ಅಂಚಿಗೆ ನಾಲ್ಕೈದು ಹನಿ ಸಾಕು. ಲೆಕ್ಕ ಬರೆದದ್ದು ಕೊಯ್ಲಿನ ಆಳು ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ. ಯಾವ ಕ್ರಮದಲ್ಲಿ ಹೋದರೆ ಬೇಗ ಸಿಗುತ್ತದೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಚೈನ್‌ರಿಂಗ್ (ಮುಂದಿನ ಹಲ್ಲಿನ ಚಕ್ರ) ಬೋಲ್ಟ್, ಏನಿಲ್ಲ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್, ಏನಿಲ್ಲ. ಐದನೇ ದಿನವೋ ಆರನೇ ದಿನವೋ ಸೀಟ್‌ಪೋಸ್ಟನ್ನು ಫ್ರೇಮಿಗೆ ಬಿಗಿಯುವ ಕಾಲರಿಗೆ ನೀರು ಬಿಟ್ಟೆ. ಕೂತು ತುಳಿಯುವಾಗ ಸದ್ದು ಹೋಗಲಿಲ್ಲ, ಆದರೆ ಸಣ್ಣಗಾಯಿತು! ಅಲ್ಲೇ ರಸ್ತೆ ಬದಿ ನಿಂತುಬಿಟ್ಟೆ. ಇದ್ದದ್ದು ಒಂದಲ್ಲ, ಎರಡು ಸದ್ದು. ಒಂದೇ ತಾಳದಲ್ಲಿ, ಒಂದರ ಮೇಲೊಂದು. ಒಂದನ್ನು ಸರಿ ಮಾಡಿದರೂ ಇನ್ನೊಂದು ಉಳಿಯುತ್ತಿತ್ತು, ನಾನು ‘ಇದಲ್ಲ’ ಅಂತ ಹಳೇ ಸ್ಥಿತಿಗೇ ತರುತ್ತಿದ್ದೆ.

ಪೋಸ್ಟ್ ಬಿಚ್ಚಿ ಒರೆಸಿ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿ 5 ನ್ಯೂಟನ್ ಮೀಟರ್‌ಗೆ ಬಿಗಿದೆ. ಉಳಿದ ಸಣ್ಣ ಸದ್ದು, ಸೀಟಿನ ಮೇಲೆ ಭಾರ ಇಲ್ಲದೆ ಎದ್ದು ನಿಂತಾಗಲೂ ಬರುತ್ತಿತ್ತು. ಅದು ಎರಡು ದಿನದಲ್ಲಿ ಡಿರೇಲರ್ ಹ್ಯಾಂಗರ್‌ನಲ್ಲಿ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಜೋಡಿಸುವ ತುಂಡು) ಸಿಕ್ಕಿತು. ಮೂರು ಹನಿ ಬಿಟ್ಟು ಹತ್ತಿದರೆ ಬರೀ ಟಯರಿನ ಸದ್ದು. ಚಕ್ರ ತೆಗೆದು ಹ್ಯಾಂಗರ್ ಬಿಚ್ಚಿದೆ. ಫ್ರೇಮಿಗೂ ಅದಕ್ಕೂ ಮಧ್ಯೆ ಕಾಡಿಗೆಯಂಥ ಕಪ್ಪು ಕೊಳೆ, ಬೆರಳಲ್ಲಿ ಉಜ್ಜಿದರೆ ಮರಳು ಮರಳು. ಒರೆಸಿದಾಗ ಕೆಳಗೆ ಉಗುರಿನಷ್ಟು ಜಾಗ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಜೋರಾಗಿ ತುಳಿದಾಗ ಚೈನ್ ಎಳೆತಕ್ಕೆ ಫ್ರೇಮಿನ ಹಿಂದಿನ ತ್ರಿಕೋನ ಕೂದಲೆಳೆಯಷ್ಟು ಬಾಗುತ್ತದೆ, ಆಗ ಈ ತುಂಡು ಉಜ್ಜುತ್ತದೆ. ಎರಡೂ ಮುಖ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ ಕೂರಿಸಿದೆ. ಖರ್ಚು, ಸಿರಿಂಜ್ ಸೇರಿ ಐವತ್ತು ರೂಪಾಯಿ ಇರಬಹುದು.

ಅದಾಗಿ ಭಾಗಮಂಡಲದಿಂದ ತಲಕಾವೇರಿ ಏರು, ಸುಮಾರು 8 ಕಿಲೋಮೀಟರ್, ಎರಡು ಸಲ ಹತ್ತಿದ್ದೇನೆ. ಸದ್ದಿಲ್ಲ. ಅವತ್ತು ತುಕ್ಕು ಅಂದ ಹುಡುಗರೇ ಈಗ ಸೈಕಲ್ ತರುತ್ತಾರೆ. ಮೂರರಲ್ಲಿ ಸದ್ದಿನ ಜಾಗ ಸಿಕ್ಕಿದೆ. ಒಂದರಲ್ಲಿ ಬಾಟಲ್ ಕೇಜ್ ಬೋಲ್ಟ್, ಒಂದರಲ್ಲಿ ಸ್ಯಾಡಲ್ ರೈಲು (ಸೀಟಿನ ಅಡಿಯ ಕಂಬಿ), ಇನ್ನೊಂದರಲ್ಲಿ ನನ್ನದರ ಹಾಗೆ ಹ್ಯಾಂಗರ್. ನಾಲ್ಕನೆಯದು ಪ್ರೆಸ್ ಫಿಟ್ (ಥ್ರೆಡ್ ಇಲ್ಲದೆ ಒತ್ತಿ ಕೂರಿಸಿದ) ಬಿಬಿಯ ಕಾರ್ಬನ್ ಫ್ರೇಮ್, ಅದರ ಸದ್ದು ಇನ್ನೂ ಸಿಕ್ಕಿಲ್ಲ. ಭಾನುವಾರ ಮತ್ತೆ ಸಿರಿಂಜ್ ಹಿಡಿದು ಕೂರುತ್ತೇನೆ.