ಹೆಂಗಸರ ಸಂಘಕ್ಕೊಂದು ಮೀನುಕೊಳ: ಕರಾರು ಪತ್ರದಿಂದ ತಕ್ಕಡಿಯವರೆಗೆ

ಹೊಸಕೋಟೆ, ಆನೇಕಲ್, ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಮೀನುಕೊಳದ ಕೆಲಸದಲ್ಲಿ ಹೆಂಗಸರ ಪಾಲು ಕಡಿಮೆಯೇನಲ್ಲ. ಸಗಣಿ ಹೊರುವುದು, ತೌಡು ಕಲಸುವುದು, ದಿನಾ ಆಹಾರ ಹಾಕುವುದು ಹೆಚ್ಚಾಗಿ ಅವರೇ. ಮೀನು ಹಿಡಿಯುವ ದಿನ ಬಲೆಯವರು, ವ್ಯಾಪಾರಿ, ತಕ್ಕಡಿ ಬಂದಾಗ ಮಾತ್ರ ಅವರನ್ನು ದಡಕ್ಕೆ ಸರಿಸಿಬಿಡುತ್ತಾರೆ. ದುಡ್ಡು ಕೈ ಬದಲಾಗುವುದು ಆ ಎರಡು ಗಂಟೆಯಲ್ಲೇ. ಹಾಗಾಗಿ ಮೀನುಮರಿ ತರುವುದಕ್ಕೆ ಮೊದಲು ಕಾಗದ ಸರಿಯಾಗಬೇಕು.

ಗುಂಪಿನಿಂದ ಶುರುಮಾಡಿ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘ ಆಗಲೇ ಇದ್ದರೆ ಅದರೊಳಗಿನ ಎಂಟು ಹತ್ತು ಜನ ಸಾಕು. ಊರಿನ ಒಂದೇ ಬೀದಿಯವರನ್ನು ಸೇರಿಸಬೇಡಿ. ಜಮೀನಿಲ್ಲದ ದಲಿತ ಹೆಂಗಸರು, ಒಂಟಿಯಾಗಿ ಮನೆ ನಡೆಸುವವರು, ಬಲೆ ಗೊತ್ತಿರುವ ಬೆಸ್ತರ ಮನೆಯವರು, ಅಂಗವಿಕಲರು, ಎಲ್ಲರಿಗೂ ಜಾಗ ಇರಲಿ. ಮೀಟಿಂಗನ್ನು ದೇವಸ್ಥಾನದ ಅಂಗಳದಲ್ಲೋ ಯಾರದೋ ಮನೆ ಜಗಲಿಯಲ್ಲೋ ಇಟ್ಟರೆ ಕೆಲವರು ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ. ಅಂಗನವಾಡಿ ಅಥವಾ ಶಾಲೆ ಒಳ್ಳೆಯದು. ಜಮೀನು, ಬಂಡವಾಳ ಇಲ್ಲದವರು ಕೂಲಿಯವರಲ್ಲ, ಸದಸ್ಯರು ಎಂಬುದನ್ನು ಮೊದಲ ನಡಾವಳಿಯಲ್ಲೇ ಬರೆಯಿರಿ.

ಕೊಳದ ಜಾಗ ಸದಸ್ಯೆಯೊಬ್ಬರ ಮನೆಯವರದೇ ಆದರೂ ಬರಹದ ಕರಾರು ಬೇಕು, ಅದೂ ಎಲ್ಲರ ಹೆಸರಿನಲ್ಲಿ. ಮೊದಲ ಫಸಲು ಚೆನ್ನಾಗಿ ಬಂದ ಮೇಲೆ 'ಇನ್ನು ನಾವೇ ಮಾಡ್ಕೋತೀವಿ' ಅನ್ನುವ ಮಾಲೀಕರಿಗೆ ಬರಗಾಲವಿಲ್ಲ. ಬಾಡಿಗೆ ವರ್ಷಕ್ಕೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಿರಲಿ, ಮೀನಿನಲ್ಲಿ ಪಾಲು ಬೇಡ. ಊರ ಕೆರೆಯಾದರೆ ಅದು ಪಂಚಾಯಿತಿಯ ವಶದಲ್ಲಿದೆಯೋ ಮೀನುಗಾರಿಕೆ ಇಲಾಖೆಯದೋ ವಿಚಾರಿಸಿ, ಹರಾಜಿಗೆ ಮೊದಲೇ ಅರ್ಜಿ ಕೊಡಿ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60. ಈ 20ರ ವ್ಯತ್ಯಾಸಕ್ಕಾಗಿಯೇ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕುವ ಗಂಡಸರಿದ್ದಾರೆ. ಆಕೆ ಸಹಿ ಹಾಕಿರುತ್ತಾಳೆ, ಸಾಲದ ಹೊಣೆಯೂ ಆಕೆಯದೇ, ಕೊಳದ ಲೆಕ್ಕ ಮಾತ್ರ ಗೊತ್ತಿರುವುದಿಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ: ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದು ನೋಡಿ. ಓಟಿಪಿ, ಮೆಸೇಜು ಗಂಡನ ಫೋನಿಗೋ ಮಗನ ಫೋನಿಗೋ ಬರುತ್ತಿದ್ದರೆ ಖಾತೆ ಹೆಸರಿಗಷ್ಟೇ ಆಕೆಯದು. ಗುಂಪಿನ ಖಾತೆಗೆ ಇಬ್ಬರು ಸದಸ್ಯೆಯರ ಜಂಟಿ ಸಹಿ ಇರಲಿ, ನಂಬರ್ ಅವರಲ್ಲೊಬ್ಬರದಾಗಿರಲಿ. ಗುತ್ತಿಗೆ ಎಷ್ಟು ವರ್ಷದ್ದಿರಬೇಕು ಎಂಬ ಷರತ್ತನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಅರ್ಜಿಗೆ ಮೊದಲೇ ಕೇಳಿಕೊಳ್ಳಿ. ಮರಿ, ಹಿಂಡಿಯ ಖರ್ಚಿಗೆ ಮೀನು ಸಾಕಣೆಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಸ್ವಸಹಾಯ ಸಂಘಗಳಿಗೂ, ಗುತ್ತಿಗೆಗೆ ಮಾಡುವವರಿಗೂ ಕೊಡುತ್ತಾರೆ. ತರಬೇತಿಗೆ ಹೆಸರಘಟ್ಟದಲ್ಲಿ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಎಳೆಗೂಸಿರುವವರು ರಾತ್ರಿ ಉಳಿಯಲಾರರು, ಬೆಳಗ್ಗೆ ಹೋಗಿ ಸಂಜೆ ಬರುವಂಥ ತರಬೇತಿ ಕೇಳಿ.

ಈಗ ಕೊಳ. 10 ಗುಂಟೆಯ, ಅಂದರೆ ಸುಮಾರು 1,000 ಚದರ ಮೀಟರಿನ ಮಣ್ಣಿನ ಕೊಳದ ಲೆಕ್ಕ ಹೇಳುತ್ತೇವೆ. ನೀರು 5ರಿಂದ 6 ಅಡಿ ನಿಲ್ಲಬೇಕು. ಬೇಸಿಗೆಯಲ್ಲಿ ಬಿರುಕು ಬಿಡುವವರೆಗೆ ಒಣಗಿಸಿ, 25 ಕಿಲೊ ಸುಣ್ಣ ಎರಚಿ. ವಾರದ ನಂತರ 400 ಕಿಲೊ ಸಗಣಿ. ಅದನ್ನು ಒಬ್ಬರೇ ಎರಚುವುದು ಬೇಡ, ನೀರಂಚಿನ ನಾಲ್ಕು ಮೂಲೆಗೆ ಗುಡ್ಡೆ ಹಾಕಿದರೆ ನಿಧಾನಕ್ಕೆ ಕರಗುತ್ತದೆ. ನೀರು ತಿಳಿಹಸಿರಾದ ಮೇಲೆ, ಜೂನ್‌ನಿಂದ ಆಗಸ್ಟ್ ಒಳಗೆ, 3ರಿಂದ 4 ಇಂಚಿನ 700 ಮರಿ ಬಿಡಿ: ಕಾಟ್ಲಾ 280, ರೋಹು 210, ಸಾಮಾನ್ಯ ಗೆಂಡೆ 210. ಮರಿ ಬಂದ ದಿನ ಒಂದು ಚೀಲ ಒಡೆದು ಎಣಿಸಿ. ಎಣಿಸುವವರಿದ್ದಾರೆ ಎಂದು ಗೊತ್ತಾದರೆ ಲೆಕ್ಕ ಕಡಿಮೆ ಬರುವುದಿಲ್ಲ. ಚೀಲವನ್ನು 20 ನಿಮಿಷ ನೀರಲ್ಲಿ ತೇಲಿಬಿಟ್ಟು ಆಮೇಲೆ ಬಾಯಿ ಬಿಚ್ಚಿ. ಬೇಗ ಬೆಳೆಯುತ್ತದೆ ಎಂದು ಆಫ್ರಿಕನ್ ಕ್ಯಾಟ್‌ಫಿಷ್ ತೋರಿಸಿದರೆ ಖಡಾಖಂಡಿತ ಬೇಡ ಅನ್ನಿ. ಅದರ ಸಾಕಣೆ ನಿಷಿದ್ಧ. ಅಧಿಕಾರಿಗಳು ಬಂದಾಗ ಸಿಕ್ಕಿಕೊಳ್ಳುವುದು ಕಾಗದದಲ್ಲಿ ಹೆಸರಿರುವ ಹೆಂಗಸರೇ.

ಆಹಾರದ ಹೊತ್ತು ಬೆಳಗ್ಗೆ 9ರ ನಂತರ ಇರಲಿ. ರಾತ್ರಿಯೆಲ್ಲ ಇಳಿದ ಆಮ್ಲಜನಕ ಬಿಸಿಲು ಬಿದ್ದ ಮೇಲೆ ಏರುತ್ತದೆ, ಮೀನಿಗೆ ಹಸಿವಾಗುವುದು ಆಗಲೇ. ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿದವರಿಗೂ ಅದೇ ಬಿಡುವು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ ಬೆರೆಸಿ ಕಲಸಿ. ಮೀನಿನ ಒಟ್ಟು ತೂಕದ ಶೇ 2ರಷ್ಟು ಸಾಕು: 500 ಮೀನು ಸರಾಸರಿ 250 ಗ್ರಾಂ ಇದ್ದರೆ ದಿನಕ್ಕೆ ಎರಡೂವರೆ ಕಿಲೊ. ತೂತು ಮಾಡಿದ ಗೋಣಿಚೀಲಕ್ಕೆ ತುಂಬಿ, ಬಿದಿರಿನ ಗೂಟಕ್ಕೆ ರಾಟೆ ಕಟ್ಟಿ ದಡದಿಂದಲೇ ಎಳೆಯುವಂತೆ ಮಾಡಿದರೆ ವಯಸ್ಸಾದವರೂ, ಕಾಲಿನ ತೊಂದರೆ ಇರುವವರೂ ಸರದಿ ತೆಗೆದುಕೊಳ್ಳಬಹುದು. ಎರಡು ಗಂಟೆಯ ನಂತರ ಚೀಲದಲ್ಲಿ ಉಳಿದಿದ್ದರೆ ನಾಳೆ ಕಡಿಮೆ ಹಾಕಿ.

ನೀರು ಪರೀಕ್ಷೆಗೆ ಅಕ್ಷರ ಬೇಕಿಲ್ಲ. ಕೈ ನೀರಿಗಿಳಿಸಿ: ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಸರಿ. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಾದರೆ ಪಾಚಿ ಅತಿಯಾಗಿದೆ, ಸಗಣಿ ನಿಲ್ಲಿಸಿ. ಮೋಡ ಕವಿದ ದಿನಗಳಲ್ಲಿ ನಸುಕಿಗೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಉಸಿರು ಕಟ್ಟುತ್ತಿದೆ ಎಂದರ್ಥ. ಅಂದು ಆಹಾರ ಬೇಡ. ಪಂಪ್ ಹಾಕಿ ಅದೇ ನೀರನ್ನು ಎತ್ತರದಿಂದ ಚಿಮ್ಮಿಸಿ, ಹೊಸ ನೀರಿದ್ದರೆ ಬಿಡಿ. ಪಂಪಿನ ಮನೆ ಬೀಗದ ಕೈ ಆ ದಿನದ ಸರದಿಯವರ ಹತ್ತಿರವೇ ಇರಬೇಕು. ಯಾರನ್ನೋ ಎಬ್ಬಿಸಿ ಕೇಳುವಷ್ಟರಲ್ಲಿ ಕೊಳ ಕೈಬಿಡುತ್ತದೆ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದಲ್ಲಿ ಸಾಕುವುದಾದರೆ ಇದೊಂದನ್ನು ದಯವಿಟ್ಟು ತಪ್ಪಿಸಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಜಾರಿದವರಿಗೆ ಈಜು ಬಂದರೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ನಾಲ್ಕೂ ಬದಿಗೆ ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ತಳದವರೆಗೆ ಇಳಿಬಿಡಿ, ಗಾಳಿ ತುಂಬಿದ ಟ್ಯೂಬ್ ಒಂದು ದಡದಲ್ಲಿರಲಿ, ಸುತ್ತ ಬೇಲಿ ಹಾಕಿ. ನೀರಿಗಿಳಿಯುವವರು ಸೀರೆಯಲ್ಲಿ ಇಳಿಯಬಾರದು, ಪ್ಯಾಂಟು ಶರಟು ಹಾಕಲಿ. ನಗುವವರು ನಗಲಿ.

ಎಂಟು ಹತ್ತು ತಿಂಗಳಿಗೆ 700ರಲ್ಲಿ 490 ಉಳಿದು ತಲಾ 700 ಗ್ರಾಂ ತೂಗಿದರೆ ಸುಮಾರು 340 ಕಿಲೊ. ಬಲೆ ಎಳೆಯಲು ಹತ್ತು ಜನ ಬೇಕು. ಕೊಳದ ಅಗಲದ ಒಂದೂವರೆ ಪಟ್ಟು ಉದ್ದದ ಬಲೆಯಾದರೆ ಸದಸ್ಯೆಯರೇ ಕಲಿತು ಎಳೆಯಬಹುದು. ಹೊರಗಿನವರನ್ನು ಕರೆದರೆ ಕಿಲೊಗಿಷ್ಟು ಕೂಲಿ ಎಂದು ಮೊದಲೇ ಮಾತಾಡಿ. ಹೆಣ್ಣಾಳು ಗಂಡಾಳು ಎಂದು ಎರಡು ರೇಟು ಬೇಡ. ತಕ್ಕಡಿ ಗುಂಪಿನದೇ ಇರಲಿ, ಅದರ ಪಕ್ಕ ಬರೆಯುವವರೊಬ್ಬರು, ಹಣ ಎಣಿಸುವವರೊಬ್ಬರು. ಒಂದೇ ದಿನ ಕೊಳ ಬರಿದು ಮಾಡಿದರೆ ವ್ಯಾಪಾರಿ ಹೇಳಿದ್ದೇ ದರ. ಭಾನುವಾರಕ್ಕೆ 30, 40 ಕಿಲೊದಂತೆ ಹಿಡಿದು ಏರಿಯ ಮೇಲೇ ಜೀವಂತ ಮಾರಿದರೆ ದರ ನಿಮ್ಮ ಕೈಲಿರುತ್ತದೆ. ಸೋಮವಾರ, ಶನಿವಾರ, ಶ್ರಾವಣದಲ್ಲಿ ಗಿರಾಕಿ ಕಡಿಮೆ.

ಬಂದ ಹಣದಲ್ಲಿ ಮೊದಲು ಸಾಲದ ಕಂತು, ಬಾಡಿಗೆ, ಮುಂದಿನ ಸಲದ ಮರಿ-ಸುಣ್ಣದ ಖರ್ಚು ತೆಗೆದಿಡಿ. ಉಳಿದದ್ದನ್ನು ಹಾಜರಿ ಪುಸ್ತಕದಂತೆ ಹಂಚಿ: ಓದು ಬಾರದವರು ಹೆಸರಿನ ಬದಲು ಮೀನು, ಹೂವು, ಕುಡುಗೋಲು ಎಂದು ತಮ್ಮದೇ ಗುರುತು ಇಟ್ಟುಕೊಂಡು, ಪ್ರತಿ ಸರದಿಗೆ ಒಂದು ಗೆರೆ ಎಳೆಯಲಿ. ಗೆರೆಗಳನ್ನು ಎಲ್ಲರೆದುರು ಎಣಿಸಿ, ಅಂದೇ ಅವರವರ ಸ್ವಂತ ಖಾತೆಗೆ ಹಾಕಿಬಿಡಿ.